ವಜ್ರಕ್ಕೂ ಬಿತ್ತು ಉಳಿಪೆಟ್ಟು: ಲೇಸರ್ ಬೆಳಕಿನಿಂದ ವಜ್ರದ ಮೇಲೆ ನ್ಯಾನೋ ಗೆರೆ

ತಾಳವಾಡಿ: ರುಬ್ಬುವ ಕಲ್ಲು ಸವೆದು ನುಣ್ಣಗಾದರೆ ಹಿಟ್ಟು ನುಣ್ಣಗಾಗುವುದಿಲ್ಲ. ಆಗ ಕಲ್ಲು ಕೊತ್ತುವವರನ್ನು ಕರೆದು, ಉಳಿ ಸುತ್ತಿಗೆಯಿಂದ ಕಲ್ಲಿನ ಮೈಗೆಲ್ಲ ಸಣ್ಣ ಸಣ್ಣ ಕಚ್ಚು ಹಾಕಿಸಬೇಕು. ಮಿಕ್ಸಿ, ಗ್ರೈಂಡರ್ ಬರುವ ಮೊದಲು ಈ ಭಾಗದ ಪ್ರತಿ ಮನೆಗೂ ಗೊತ್ತಿದ್ದ ವಿಷಯವಿದು. ಕಲ್ಲು ಅದೇ, ತೂಕವೂ ಅದೇ. ಮೇಲ್ಮೈ ಮಾತ್ರ ಬದಲಾಗಿರುತ್ತದೆ. ಆದರೆ ಕೆಲಸ ಮಾಡುವುದು ಆ ಮೇಲ್ಮೈಯೇ.

ಇದೇ ತತ್ವವನ್ನು ವಿಜ್ಞಾನಿಗಳು ಈಗ ವಜ್ರಕ್ಕೆ ಅನ್ವಯಿಸುತ್ತಿದ್ದಾರೆ. ಉಳಿಯ ಜಾಗದಲ್ಲಿ ಅತಿವೇಗದ ಲೇಸರ್ ಬೆಳಕು ಬಂದಿದೆ. ಕಚ್ಚುಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ಶತಮಾನಗಳಿಂದ ಉಜ್ಜಿ ಹೊಳಪು ಕೊಟ್ಟಷ್ಟೂ ಬೆಲೆ ಏರುತ್ತಿದ್ದ ವಜ್ರಕ್ಕೆ ಈಗ ಗೆರೆ ಹಾಕಿ ಹೊಸ ಉಪಯೋಗ ಹುಡುಕಲಾಗುತ್ತಿದೆ. ಇದು ಏನು, ಹೇಗೆ, ಒಡವೆ ಕೊಳ್ಳುವ ಮನೆಗಳಿಗೂ ಓದುವ ಮಕ್ಕಳಿಗೂ ಇದರಿಂದ ಏನು ಎಂಬ ಮಾಹಿತಿ ಇಲ್ಲಿದೆ.

ಮೊದಲು ವಜ್ರದ ಬಗ್ಗೆ

ವಜ್ರ ಎಂದರೆ ಶುದ್ಧ ಇಂಗಾಲ. ಒಲೆಯ ಇದ್ದಿಲಿನಲ್ಲೂ ಪೆನ್ಸಿಲ್ ಕಡ್ಡಿಯ ಗ್ರಾಫೈಟಿನಲ್ಲೂ ಇರುವುದು ಇದೇ ವಸ್ತು. ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡಿರುವ ರೀತಿಯಲ್ಲಿ ಮಾತ್ರ ವ್ಯತ್ಯಾಸ. ಗ್ರಾಫೈಟಿನಲ್ಲಿ ಅವು ಹಾಳೆಗಳಂತೆ ಪದರ ಪದರವಾಗಿರುವುದರಿಂದ ಸುಲಭವಾಗಿ ಜಾರುತ್ತವೆ. ವಜ್ರದಲ್ಲಿ ಪ್ರತಿ ಪರಮಾಣು ನಾಲ್ಕು ನೆರೆಯ ಪರಮಾಣುಗಳನ್ನು ನಾಲ್ಕು ದಿಕ್ಕಿನಲ್ಲಿ ಬಿಗಿಯಾಗಿ ಹಿಡಿದಿರುತ್ತದೆ. ವಜ್ರ ಗಟ್ಟಿಯಾಗಿರಲು ಇದೇ ಕಾರಣ.

ವಜ್ರಕ್ಕೆ ಇನ್ನೊಂದು ಗುಣವಿದೆ. ಅದು ಶಾಖವನ್ನು ತಾಮ್ರಕ್ಕಿಂತ ಸುಮಾರು 5 ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಆದರೆ ವಿದ್ಯುತ್ತನ್ನು ಮಾತ್ರ ಸಾಗಿಸುವುದಿಲ್ಲ. ಈ ಎರಡೂ ಒಂದೇ ವಸ್ತುವಿನಲ್ಲಿ ಸಿಗುವುದು ಅಪರೂಪ. ಹೀಗಾಗಿ ಒಡವೆಗಷ್ಟೇ ಅಲ್ಲದೆ ಕೈಗಾರಿಕೆಗೂ ವಜ್ರ ಬೇಕು.

ವಜ್ರ ಕೆಲಸ ಮಾಡುವುದನ್ನು ನೋಡಲು ನಮ್ಮವರು ದೂರ ಹೋಗಬೇಕಿಲ್ಲ. ಪಕ್ಕದ ಚಾಮರಾಜನಗರದ ಕರಿಕಲ್ಲು ಹೊರದೇಶಗಳಿಗೂ ಹೋಗುವಂಥದ್ದು. ಇಂಥ ಗ್ರಾನೈಟ್ ಬಂಡೆಗಳನ್ನು ಸೀಳಲು ಬಳಸುವ ತಂತಿ ಗರಗಸದ ಮಣಿಗಳಲ್ಲಿ ಇರುವುದು ವಜ್ರದ ಪುಡಿಯೇ. ಗಾಜು ಕತ್ತರಿಸುವವರ ಕೈಯಲ್ಲಿರುವ ಕೆಲವು ಕಡ್ಡಿಗಳ ತುದಿಯಲ್ಲೂ ವಜ್ರದ ಚೂರು ಇರುತ್ತದೆ.

ಅತಿವೇಗದ ಲೇಸರ್ ಎಂದರೇನು?

ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ. ಅಮೆರಿಕದ ಥಿಯೊಡೋರ್ ಮೈಮನ್ ಮಾಣಿಕ್ಯದ ಕಡ್ಡಿಯೊಂದರಿಂದ ಅದನ್ನು ಪಡೆದರು. ನಂತರ ಬೆಳಕನ್ನು ತುಂಡು ತುಂಡಾಗಿ, ಮಿಡಿತಗಳಾಗಿ ಬಿಡುವ ಲೇಸರ್‌ಗಳು ಬಂದವು. ಈ ಮಿಡಿತಗಳನ್ನು ಎಷ್ಟು ಚಿಕ್ಕದು ಮಾಡಬಹುದು ಎಂಬ ಪೈಪೋಟಿ ವಿಜ್ಞಾನಿಗಳನ್ನು ಫೆಮ್ಟೋಸೆಕೆಂಡ್‌ವರೆಗೆ ಕೊಂಡೊಯ್ದಿತು.

10 ಕೋಟಿಯನ್ನು 1 ಕೋಟಿಯಿಂದ ಗುಣಿಸಿ. ಒಂದು ಸೆಕೆಂಡನ್ನು ಅಷ್ಟು ಭಾಗ ಮಾಡಿದರೆ ಸಿಗುವ ಒಂದು ಭಾಗವೇ ಫೆಮ್ಟೋಸೆಕೆಂಡ್. ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಅದೇ ಬೆಳಕು 100 ಫೆಮ್ಟೋಸೆಕೆಂಡಿನಲ್ಲಿ ಕ್ರಮಿಸುವ ದೂರ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗ ಮಾತ್ರ. ತಲೆಗೂದಲಿನ ದಪ್ಪದಷ್ಟೂ ಅಲ್ಲ!

ಇಷ್ಟು ಚಿಕ್ಕ ಮಿಡಿತದಲ್ಲಿ ಹೆಚ್ಚು ಶಕ್ತಿ ತುಂಬಲು ಹೋದರೆ ಲೇಸರ್ ಯಂತ್ರವೇ ಸುಟ್ಟುಹೋಗುತ್ತಿತ್ತು. ಇದಕ್ಕೆ ಪರಿಹಾರ ಕಂಡವರು ಫ್ರಾನ್ಸಿನ ಜೆರಾರ್ ಮೂರು ಮತ್ತು ಕೆನಡಾದ ಡೊನ್ನಾ ಸ್ಟ್ರಿಕ್‌ಲ್ಯಾಂಡ್. ಮಿಡಿತವನ್ನು ಮೊದಲು ಉದ್ದಕ್ಕೆ ಎಳೆದು, ಆಮೇಲೆ ಶಕ್ತಿ ತುಂಬಿ, ಕೊನೆಗೆ ಮತ್ತೆ ಕುಗ್ಗಿಸುವ ಉಪಾಯವನ್ನು ಅವರು 1985ರಲ್ಲಿ ಪ್ರಕಟಿಸಿದರು. 2018ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನದ ಪಾಲು ಬಂತು. ಇಂದು ಕಣ್ಣಿನ ಆಸ್ಪತ್ರೆಗಳಲ್ಲಿ ಕನ್ನಡಕ ಬಿಡಿಸಲು ಮಾಡುವ 'ಬ್ಲೇಡ್ ಇಲ್ಲದ' ಲೇಸಿಕ್ ಚಿಕಿತ್ಸೆಯಲ್ಲಿ ಬಳಸುವುದೂ ಫೆಮ್ಟೋಸೆಕೆಂಡ್ ಲೇಸರನ್ನೇ.

ವಜ್ರಕ್ಕೆ ಈ ವೇಗ ಏಕೆ ಬೇಕು?

ಸೂರತ್‌ನಲ್ಲಿ ವಜ್ರ ಸೀಳಲು ಲೇಸರ್ ಯಂತ್ರಗಳು ಬಂದು ದಶಕಗಳೇ ಕಳೆದಿವೆ. ಆದರೆ ಮಾಮೂಲಿ ಲೇಸರ್ ಬಿಸಿಯಿಂದ ಕತ್ತರಿಸುತ್ತದೆ. ಬಿಸಿ ಸುತ್ತಲೂ ಹರಡಿ, ವಜ್ರದ ಅಂಚು ಗ್ರಾಫೈಟಾಗಿ ಕಪ್ಪಗಾಗುತ್ತದೆ. ಸೀಳುವ ಕೆಲಸಕ್ಕೆ ಇದರಿಂದ ತೊಂದರೆಯಿಲ್ಲ, ಆಮೇಲೆ ಉಜ್ಜಿ ತೆಗೆಯಬಹುದು. ಆದರೆ ಕೂದಲಿನ ದಪ್ಪದಲ್ಲಿ ನಾನೂರು ಗೆರೆ ಹಾಕಬೇಕೆಂದರೆ ಅದು ಸಾಧ್ಯವಿಲ್ಲ.

ಫೆಮ್ಟೋಸೆಕೆಂಡ್ ಮಿಡಿತ ಬೇರೆ ರೀತಿ ಕೆಲಸ ಮಾಡುತ್ತದೆ. ಬೆಳಕು ಮೊದಲು ಮುಟ್ಟುವುದು ಇಲೆಕ್ಟ್ರಾನುಗಳನ್ನು. ಆ ಶಕ್ತಿ ಪರಮಾಣುಗಳಿಗೆ ದಾಟಿ ಬಿಸಿಯಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಬಿಸಿ ಹರಡುವ ಮೊದಲೇ ಮಿಡಿತ ಮುಗಿದಿರುತ್ತದೆ. ಬಿದ್ದ ಜಾಗದ ತೆಳುವಾದ ಪದರ ಹಾರಿಹೋಗುತ್ತದೆ. ಪಕ್ಕದ ಜಾಗಕ್ಕೆ ಆಗುವ ಹಾನಿ ಬಹಳ ಕಡಿಮೆ.

ಇನ್ನೊಂದು ಅಡಚಣೆಯಿದೆ. ವಜ್ರ ಪಾರದರ್ಶಕ. ಬೆಳಕು ಅದರ ಮೂಲಕ ಹಾದು ಹೋಗಿಬಿಡುತ್ತದೆ. ವಜ್ರದ ಇಲೆಕ್ಟ್ರಾನನ್ನು ಕಿತ್ತೆಬ್ಬಿಸಲು ಸುಮಾರು 5.5 ಇಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಸಾಮಾನ್ಯವಾಗಿ ಬಳಸುವ 800 ನ್ಯಾನೋಮೀಟರ್ ಲೇಸರಿನ ಒಂದು ಬೆಳಕಿನ ಕಣದಲ್ಲಿ (ಫೋಟಾನ್) ಇರುವುದು 1.55 ಮಾತ್ರ. ಕೆಸರಿನಲ್ಲಿ ಹೂತ ಗಾಡಿಯನ್ನು ಒಬ್ಬೊಬ್ಬರೇ ಬಂದು ತಳ್ಳಿದರೆ ಕದಲದು, ನಾಲ್ವರು ಒಟ್ಟಿಗೆ ಹೆಗಲು ಕೊಟ್ಟರೆ ಮೇಲೆ ಬರುತ್ತದೆ. ಹಾಗೆಯೇ ಇಲ್ಲಿ ನಾಲ್ಕು ಕಣಗಳು ಒಂದೇ ಕ್ಷಣಕ್ಕೆ ಬಡಿಯಬೇಕು. ಬೆಳಕನ್ನು ಅಷ್ಟು ದಟ್ಟವಾಗಿ ಒತ್ತಿ ತುಂಬಿದ ಅತಿ ಚಿಕ್ಕ ಮಿಡಿತಕ್ಕೆ ಮಾತ್ರ ಇದು ಸುಲಭ.

ಗೆರೆ ತಾನಾಗಿ ಮೂಡುತ್ತದೆ

ಇಲ್ಲಿರುವ ಅಚ್ಚರಿಯೆಂದರೆ, ಈ ಗೆರೆಗಳನ್ನು ಯಾರೂ ಒಂದೊಂದಾಗಿ ಎಳೆಯುವುದಿಲ್ಲ. ಒಂದೇ ಜಾಗಕ್ಕೆ ಹಲವು ಮಿಡಿತ ಬಿದ್ದಾಗ ಉತ್ತ ಹೊಲದ ಸಾಲುಗಳಂತೆ ಅವು ತಾವಾಗಿಯೇ ಏಳುತ್ತವೆ. ಲೇಸರ್ ಬಿದ್ದ ಮೇಲ್ಮೈಯಲ್ಲಿ ಇಂಥ ಸಾಲುಗಳನ್ನು 1965ರಲ್ಲೇ ಬಿರ್ನ್‌ಬಾಮ್ ಎಂಬ ವಿಜ್ಞಾನಿ ಅರೆವಾಹಕಗಳ ಮೇಲೆ ಗುರುತಿಸಿದ್ದರು. ವಜ್ರದ ಮೇಲೆ ಅಚ್ಚುಕಟ್ಟಾಗಿ ಮೂಡಿಸಲು ಅತಿವೇಗದ ಲೇಸರ್ ಬರಬೇಕಾಯಿತು.

ಸಾಲು ಏಳಲು ಕಾರಣ ಅಲೆಗಳ ಕೂಡುವಿಕೆ. ಬರುವ ಬೆಳಕಿನಲ್ಲಿ ಸ್ವಲ್ಪ ಭಾಗ ಮೇಲ್ಮೈಯ ಸಣ್ಣ ಒರಟುಗಳಿಗೆ ತಾಗಿ ಚದುರುತ್ತದೆ. ಚದುರಿದ ಅಲೆಗಳು ಒಂದಕ್ಕೊಂದು ಎದುರಾಗಿ ಸೇರಿದಾಗ ಕೆಲವು ಕಡೆ ಬೆಳಕು ಹೆಚ್ಚು, ಕೆಲವು ಕಡೆ ಕಡಿಮೆ. ಹೆಚ್ಚಾದಲ್ಲಿ ವಜ್ರ ಹಾರಿ ಕುಳಿಯಾಗುತ್ತದೆ, ಕಡಿಮೆಯಾದಲ್ಲಿ ದಿಂಡು ಉಳಿಯುತ್ತದೆ. ಬೆಳಕಿನ ಕಂಪನ ಯಾವ ದಿಕ್ಕಿಗಿದೆಯೋ ಅದಕ್ಕೆ ಅಡ್ಡಲಾಗಿ ಸಾಲು ಏಳುತ್ತದೆ. ಕಂಪನದ ದಿಕ್ಕು ತಿರುಗಿಸಿದರೆ ಸಾಲಿನ ದಿಕ್ಕೂ ತಿರುಗುತ್ತದೆ.

ಸಾಲುಗಳ ನಡುವಿನ ಅಂತರವನ್ನು ಪಿಯುಸಿ ಅಥವಾ ಪ್ಲಸ್ ಟು ವಿದ್ಯಾರ್ಥಿಯೂ ಲೆಕ್ಕ ಹಾಕಬಹುದು. ಬಯಲು ರಸ್ತೆಯಲ್ಲಿ ದೂರ ದೂರ ಓಡುವ ಲಾರಿಗಳು ದಿಂಬಂ ಘಾಟಿಯ ತಿರುವುಗಳಲ್ಲಿ ನಿಧಾನವಾಗಿ ಒಂದರ ಹಿಂದೆ ಒಂದು ಅಂಟಿಕೊಳ್ಳುವುದನ್ನು ಎಲ್ಲರೂ ನೋಡಿದ್ದೀರಿ. ವಜ್ರದೊಳಗೆ ಬೆಳಕಿನ ವೇಗ ಸುಮಾರು 2.4 ಪಟ್ಟು ಇಳಿಯುತ್ತದೆ, ಅಲೆಗಳೂ ಹಾಗೆಯೇ ಹತ್ತಿರವಾಗುತ್ತವೆ. 800ನ್ನು 2.4ರಿಂದ ಭಾಗಿಸಿದರೆ ಸುಮಾರು 333. ಎದುರುಬದುರಾದ ಎರಡು ಅಲೆ ಸೇರಿದಾಗ ಬೆಳಕಿನ ಪಟ್ಟೆಗಳು ಅಲೆಯುದ್ದದ ಅರ್ಧಕ್ಕೆ ಒಂದರಂತೆ ನಿಲ್ಲುವುದರಿಂದ ಅದರ ಅರ್ಧ, ಅಂದರೆ ಸುಮಾರು 167 ನ್ಯಾನೋಮೀಟರ್. ಪ್ರಯೋಗಗಳಲ್ಲಿ ಕಂಡ ಅಂತರವೂ 170 ನ್ಯಾನೋಮೀಟರಿನ ಆಸುಪಾಸಿನಲ್ಲಿದೆ. ಕೂದಲಿನ ದಪ್ಪ ಸುಮಾರು 70,000 ನ್ಯಾನೋಮೀಟರ್ ಎಂದುಕೊಂಡರೆ, ಒಂದು ಕೂದಲಿನ ಅಗಲದಲ್ಲಿ 400ಕ್ಕೂ ಹೆಚ್ಚು ಸಾಲು!

ಗೆರೆ ಹಾಕಿದ ಮೇಲೆ ಉಳಿಯುವ ಗ್ರಾಫೈಟಿನ ಕಪ್ಪನ್ನು ಆಮ್ಲದಲ್ಲಿ ತೊಳೆಯುತ್ತಾರೆ. ಅಡಿಯಲ್ಲಿ ವಜ್ರ ವಜ್ರವಾಗಿಯೇ ಉಳಿದಿದೆಯೇ ಎಂದು ಪರೀಕ್ಷಿಸಲು ಬಳಸುವ ವಿಧಾನದ ಹೆಸರು ನಮ್ಮವರಿಗೆ ಹೊಸದಲ್ಲ. ಅದು ರಾಮನ್ ಪರಿಣಾಮ.

ತಿರುಚ್ಚಿಯಲ್ಲಿ ಹುಟ್ಟು, ಬೆಂಗಳೂರಿನಲ್ಲಿ ವಜ್ರ

ಸರ್ ಸಿ.ವಿ. ರಾಮನ್ ಹುಟ್ಟಿದ್ದು 1888ರಲ್ಲಿ ತಿರುಚ್ಚಿರಾಪಳ್ಳಿಯ ಬಳಿ. ಕಲ್ಕತ್ತೆಯಲ್ಲಿ 1928ರ ಫೆಬ್ರವರಿ 28ರಂದು ಕಂಡ ಪರಿಣಾಮಕ್ಕೆ 1930ರ ನೊಬೆಲ್ ಬಂತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ರಾಮನ್ ಕೊನೆಯವರೆಗೂ ಅಲ್ಲೇ ನೆಲೆಸಿದರು. 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದರು, 1970ರಲ್ಲಿ ತೀರಿಕೊಂಡರು. ತಮಿಳುನಾಡಿನಲ್ಲಿ ಹುಟ್ಟಿ ಕನ್ನಡನಾಡಿನಲ್ಲಿ ಬಾಳಿದ ಅವರನ್ನು ಗಡಿಯ ಎರಡೂ ಕಡೆಯವರು ನಮ್ಮವರು ಎನ್ನಬಹುದು.

ಬೆಂಗಳೂರಿನಲ್ಲಿ ರಾಮನ್ ಮತ್ತು ಅವರ ಶಿಷ್ಯರು 1930 ಮತ್ತು 40ರ ದಶಕಗಳಲ್ಲಿ ವಜ್ರವನ್ನು ಬಿಡದೆ ಅಭ್ಯಾಸ ಮಾಡಿದರು. ರಾಮನ್ ನೂರಾರು ವಜ್ರಗಳನ್ನು ಕೂಡಿಹಾಕಿದ್ದು ಒಡವೆಗಾಗಿ ಅಲ್ಲ, ಬೆಳಕು ಅವುಗಳೊಳಗೆ ಏನು ಮಾಡುತ್ತದೆ ಎಂದು ನೋಡಲು. ನವಿಲುಗರಿಯಂಥ ಹಕ್ಕಿಗರಿಗಳ ಬಣ್ಣವನ್ನೂ ಅವರು ಅಭ್ಯಾಸ ಮಾಡಿದ್ದರು. ಗರಿಯ ಹೊಳೆಯುವ ನೀಲಿ ಹಸಿರು ಬಣ್ಣದ ಪುಡಿಯಿಂದ ಬಂದದ್ದಲ್ಲ, ಸೂಕ್ಷ್ಮ ರಚನೆಯಿಂದ ಬಂದದ್ದು. ವಜ್ರದ ಮೇಲಿನ ನ್ಯಾನೋ ಸಾಲುಗಳ ಹಿಂದಿರುವುದೂ ರಚನೆ ಬದಲಾದರೆ ಬೆಳಕಿನ ನಡತೆ ಬದಲಾಗುತ್ತದೆ ಎಂಬ ಅದೇ ತತ್ವ.

ರಾಮನ್ ವಿಧಾನದಲ್ಲಿ ವಜ್ರ ತನ್ನದೇ ಗುರುತಿನ ಗೆರೆ ಕೊಡುತ್ತದೆ. ಅದರ ಅಂಕಿ 1332. ಗ್ರಾಫೈಟಿನ ಗೆರೆ ಸುಮಾರು 1580ರಲ್ಲಿ. ಜಗತ್ತಿನ ಯಾವ ಪ್ರಯೋಗಾಲಯದಲ್ಲಿ ವಜ್ರಕ್ಕೆ ಲೇಸರ್ ಹೊಡೆದರೂ ಈ ಎರಡು ಅಂಕಿಗಳನ್ನು ನೋಡಿ ಕೆಲಸ ಕೆಟ್ಟಿದೆಯೋ ಸರಿಯಾಗಿದೆಯೋ ಎಂದು ತೀರ್ಮಾನಿಸುತ್ತಾರೆ.

ಗೆರೆ ಹಾಕಿದ ವಜ್ರದ ಉಪಯೋಗ

ಬಿಸಿಲು ಹೀರುವ ಕಪ್ಪು ವಜ್ರ: ಪಾರದರ್ಶಕ ವಜ್ರಕ್ಕೆ ಬಿಸಿಲು ಹಿಡಿದಿಡಲು ಬಾರದು. ಇಟಲಿಯ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳು 2010ರ ದಶಕದಲ್ಲಿ ಫೆಮ್ಟೋಸೆಕೆಂಡ್ ಲೇಸರಿನಿಂದ ಸಾಲು ಹಾಕಿ ವಜ್ರವನ್ನು ಕಪ್ಪಾಗಿಸಿದರು. ಬೆಳಕು ಸಾಲುಗಳ ನಡುವೆ ಸಿಕ್ಕಿಬಿದ್ದು, ಮೇಲ್ಪದರದಲ್ಲಿ ಲೇಸರ್ ಉಂಟುಮಾಡಿದ ಬದಲಾವಣೆಗಳಿಂದ ಹೀರಿಕೆಯಾಗುತ್ತದೆ. ಬಿಸಿಲಿನ 90 ಶೇಕಡಕ್ಕೂ ಹೆಚ್ಚು ಭಾಗ ಹೀರುವ ವಜ್ರ ಹೀಗೆ ಸಿಕ್ಕಿತು. ಕನ್ನಡಿಗಳಿಂದ ಒಟ್ಟುಗೂಡಿಸಿದ ಕಡು ಬಿಸಿಲಿನಲ್ಲಿ ಮಾಮೂಲಿ ಸೋಲಾರ್ ಫಲಕ ಬಿಸಿಯಾದಷ್ಟೂ ದುರ್ಬಲವಾಗುತ್ತದೆ. ವಜ್ರ ಆ ಬಿಸಿಯನ್ನು ತಾಳುವುದಲ್ಲದೆ, ಸರಿಯಾಗಿ ಸಿದ್ಧಪಡಿಸಿದರೆ ಇಲೆಕ್ಟ್ರಾನುಗಳನ್ನು ಸುಲಭವಾಗಿ ಹೊರಬಿಡುತ್ತದೆ. ಬೆಳಕು ಮತ್ತು ಬಿಸಿ ಎರಡನ್ನೂ ಸೇರಿಸಿ ವಿದ್ಯುತ್ ಪಡೆಯುವ ಯೋಚನೆ ಇದರ ಹಿಂದಿದೆ. ಇದು ಇನ್ನೂ ಪ್ರಯೋಗಾಲಯದ ಹಂತದಲ್ಲಿದೆ.

ಕೊರೆಯುವ ಉಪಕರಣ: ಅಲ್ಯೂಮಿನಿಯಂ ಬಿಡಿಭಾಗಗಳನ್ನು ಕಡೆಯುವ ಕಾರ್ಖಾನೆಗಳಲ್ಲಿ ವಜ್ರದ ಮೊನೆಯ ಉಪಕರಣ ಬಳಸುತ್ತಾರೆ. ಮೊನೆಯ ಮೇಲೆ ಸೂಕ್ಷ್ಮ ಸಾಲು ಇದ್ದರೆ ಎಣ್ಣೆ ಅಲ್ಲಿ ನಿಂತು ಉಜ್ಜಾಟ ಕಡಿಮೆಯಾಗುತ್ತದೆ. ಅಂದಹಾಗೆ, ಉಕ್ಕನ್ನು ಕಡೆಯಲು ವಜ್ರ ಆಗದು. ಬಿಸಿಯಾದ ಕಬ್ಬಿಣ ವಜ್ರದ ಇಂಗಾಲವನ್ನು ತನ್ನೊಳಗೆ ಸೆಳೆದುಕೊಂಡುಬಿಡುತ್ತದೆ.

ನೀರು ಮತ್ತು ಮೇಲ್ಮೈ: ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದು ಎಲೆಯ ಸೂಕ್ಷ್ಮ ಒರಟು ಮತ್ತು ಮೇಣದಿಂದ. ವಜ್ರದ ಮೇಲೂ ಸಾಲು ಹಾಕಿ, ಮೇಲ್ಮೈಯ ರಾಸಾಯನಿಕ ಗುಣ ಹೊಂದಿಸಿದರೆ ನೀರು ಉರುಳುವಂತೆ ಅಥವಾ ಹರಡುವಂತೆ ಮಾಡಬಹುದು.

ಗುರುತು: ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಬೆಳೆದ ತಂತ್ರವೊಂದು ಅತಿವೇಗದ ಲೇಸರಿನಿಂದ ವಜ್ರದ ಮೇಲ್ಮೈಗೆ ತಾಗದೆ ಒಳಗಡೆ ಗುರುತು ಬರೆಯುತ್ತದೆ. ಅದನ್ನು ಉಜ್ಜಿ ಅಳಿಸಲಾಗದು.

ನಮ್ಮ ದೇಶದಲ್ಲಿ

ಈ ಕೆಲಸಗಳಿಗೆ ಬೇಕಾಗುವುದು ಗಣಿಯ ವಜ್ರವಲ್ಲ, ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ. ಒಂದು ಕಾಲದಲ್ಲಿ ಜಗತ್ತಿಗೆ ವಜ್ರ ಒದಗಿಸುತ್ತಿದ್ದುದು ಮುಖ್ಯವಾಗಿ ಭಾರತವೇ. ಕರ್ನಾಟಕದ ಗಡಿಗೆ ಹತ್ತಿರವಿರುವ ಆಂಧ್ರದ ಅನಂತಪುರ ಜಿಲ್ಲೆಯಲ್ಲಿ ವಜ್ರಕರೂರು ಎಂಬ ಊರೇ ಇದೆ. 18ನೇ ಶತಮಾನದಲ್ಲಿ ಬ್ರೆಜಿಲಿನಲ್ಲಿ ವಜ್ರ ಸಿಕ್ಕ ಮೇಲೆ ಆ ಸ್ಥಾನ ಹೋಯಿತು. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಭಾರೀ ಒತ್ತಡ ಮತ್ತು ಬಿಸಿಯಿಂದ ವಜ್ರ ತಯಾರಾಯಿತು. ಈಗ ಮೀಥೇನ್ ಮತ್ತು ಹೈಡ್ರೋಜನ್ ಅನಿಲದಿಂದ, ತೆಳುವಾದ ವಜ್ರದ ಬಿಲ್ಲೆಯನ್ನು 'ಬೀಜ'ವಾಗಿಟ್ಟು ಪದರ ಪದರವಾಗಿ ಬೆಳೆಸುವ ವಿಧಾನವೂ ಇದೆ.

ಕೇಂದ್ರ ಸರ್ಕಾರ 2023ರ ಬಜೆಟ್‌ನಲ್ಲಿ ಈ ಬೀಜಗಳ ಆಮದು ಸುಂಕ ತೆಗೆದುಹಾಕಿತು. ಚೆನ್ನೈನ ಐಐಟಿ ಮದ್ರಾಸಿಗೆ ಪ್ರಯೋಗಾಲಯ ವಜ್ರದ ಸಂಶೋಧನಾ ಕೇಂದ್ರಕ್ಕೆಂದು 5 ವರ್ಷಗಳಿಗೆ 242.96 ಕೋಟಿ ರೂಪಾಯಿ ಮಂಜೂರಾಯಿತು. ಬೀಜ ಮತ್ತು ಯಂತ್ರಗಳನ್ನು ಇಲ್ಲೇ ತಯಾರಿಸುವುದು ಇದರ ಉದ್ದೇಶ.

ಒಡವೆ ಕೊಳ್ಳುವವರಿಗೆ ಎಚ್ಚರ

ಈ ವಿಜ್ಞಾನ ಮನೆಯ ಹಣಕ್ಕೆ ತಾಗುವುದು ಇಲ್ಲಿ. ಮಗಳ ಮದುವೆಗೆ ವಜ್ರದ ಓಲೆ, ಮೂಗುಬೊಟ್ಟು ಮಾಡಿಸಲು ಇಲ್ಲಿಯವರು ಮೈಸೂರಿಗೂ ಹೋಗುತ್ತಾರೆ, ಕೊಯಮತ್ತೂರಿಗೂ ಹೋಗುತ್ತಾರೆ. ಕಷ್ಟಕಾಲಕ್ಕೆ ಆದೀತು ಎಂಬ ಲೆಕ್ಕವೂ ಅದರಲ್ಲಿರುತ್ತದೆ. ಆದರೆ ಪ್ರಯೋಗಾಲಯ ವಜ್ರದ ಬೆಲೆ ಕೆಲವೇ ವರ್ಷಗಳಲ್ಲಿ ಬಹಳ ಕುಸಿದಿದೆ. ಗಣಿ ವಜ್ರದ ದೊಡ್ಡ ಕಂಪನಿ ಡಿ ಬಿಯರ್ಸ್ 2018ರಲ್ಲಿ ಪ್ರಯೋಗಾಲಯ ವಜ್ರದ ಒಡವೆ ಮಾರಲು ಶುರುಮಾಡಿ, ಒಡವೆಗಾಗಿ ಅದನ್ನು ಬೆಳೆಸುವುದನ್ನು ನಿಲ್ಲಿಸುವುದಾಗಿ 2024ರಲ್ಲಿ ಹೇಳಿತು. ಇನ್ನು ಮುಂದೆ ಅದು ಕೈಗಾರಿಕೆಗೆ ಎಂಬುದು ಕಂಪನಿಯ ನಿಲುವು.

ಕೊಳ್ಳುವಾಗ ನೆನಪಿಡಬೇಕಾದವು:

* ಪ್ರಯೋಗಾಲಯ ವಜ್ರವೂ ನಿಜವಾದ ವಜ್ರವೇ. ಧರಿಸಲು ಅಡ್ಡಿಯಿಲ್ಲ. ಆದರೆ ಗಣಿ ವಜ್ರದ ಬೆಲೆ ತೆತ್ತು ಅದನ್ನು ತರಬಾರದು. ಬಿಲ್ಲಿನಲ್ಲಿ ಯಾವುದೆಂದು ಬರೆಸಿಕೊಳ್ಳಿ.
* ಅಂಗಡಿಯ ಶಾಖ ಪರೀಕ್ಷಾ ಪೆನ್ ಎರಡನ್ನೂ ವಜ್ರ ಎಂದೇ ತೋರಿಸುತ್ತದೆ. ವ್ಯತ್ಯಾಸ ತಿಳಿಯಲು ಪ್ರಯೋಗಾಲಯ ಪರೀಕ್ಷೆ ಬೇಕು.
* 'ಅಮೆರಿಕನ್ ಡೈಮಂಡ್' ವಜ್ರವಲ್ಲ, ಅದು ಜಿರ್ಕೋನಿಯಾ.
* ಪ್ರಮಾಣಪತ್ರವಿರುವ ಹಲವು ಹರಳುಗಳ ನಡುವಂಚಿನಲ್ಲಿ ಲೇಸರಿನಿಂದ ಬರೆದ ಸಂಖ್ಯೆ ಇರುತ್ತದೆ. ಭೂತಗನ್ನಡಿ ಕೇಳಿ ಪಡೆದು, ಪತ್ರದ ಸಂಖ್ಯೆಯೊಂದಿಗೆ ಹೋಲಿಸಿ ನೋಡಿ.
* ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗೆ ಮಾತ್ರ, ಹರಳಿಗೆ ಅಲ್ಲ. ಹರಳಿನ ತೂಕ ಬೇರೆಯಾಗಿ ಬರೆಸಿ.
* 'ನ್ಯಾನೋ', 'ಲೇಸರ್' ಎಂಬ ಮಾತು ಕೇಳಿ ಹೆಚ್ಚು ದುಡ್ಡು ಕೊಡಬೇಡಿ. ನ್ಯಾನೋ ಸಾಲು ಹಾಕಿದ ವಜ್ರ ಒಡವೆಗೆ ಇರುವಂಥದ್ದಲ್ಲ, ಅದರ ಹೊಳಪು ಹೋಗಿರುತ್ತದೆ.

ಮಿತಿಗಳೂ ಇವೆ

ಫೆಮ್ಟೋಸೆಕೆಂಡ್ ಲೇಸರ್ ದುಬಾರಿ ಯಂತ್ರ. ಒಂದು ಸಲಕ್ಕೆ ಬೀಳುವ ಚುಕ್ಕೆ ಚಿಕ್ಕದಾದ್ದರಿಂದ ಅಂಗೈಯಗಲದ ವಜ್ರಕ್ಕೆ ಸಾಲು ಹಾಕಲು ಹೊತ್ತು ಹಿಡಿಯುತ್ತದೆ. ಶಕ್ತಿ ಸ್ವಲ್ಪ ಹೆಚ್ಚಾದರೆ ಸಾಲು ಹಾಳಾಗಿ ಗ್ರಾಫೈಟ್ ದಪ್ಪವಾಗುತ್ತದೆ, ಕಡಿಮೆಯಾದರೆ ಗುರುತೇ ಬೀಳದು. ಈ ಹದ ಹಿಡಿಯುವುದೇ ಸಂಶೋಧಕರ ಮುಂದಿರುವ ಕೆಲಸ.

ಎರಡೂ ಭಾಷೆಯಲ್ಲಿ ಕೆಲವು ಪದಗಳು

ತಾಳವಾಡಿ ಭಾಗದಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳೂ ತಮಿಳು ಮಾಧ್ಯಮದಲ್ಲಿ ಓದುವ ಮಕ್ಕಳೂ ಒಂದೇ ಮನೆಯಲ್ಲಿ ಇರುವುದುಂಟು. ಅವರಿಗಾಗಿ:

ವಜ್ರ: ತಮಿಳಿನಲ್ಲಿ ವೈರಂ
ಬೆಳಕು: ಒಳಿ
ಲೇಸರ್: ಸೀರೊಳಿ
ಮೇಲ್ಮೈ: ಮೇರ್‌ಪರಪ್ಪು
ಅಲೆಯುದ್ದ (ತರಂಗಾಂತರ): ಅಲೈನೀಳಂ
ನ್ಯಾನೋಮೀಟರ್: ಎರಡರಲ್ಲೂ ಅದೇ. 1 ಮಿಲಿಮೀಟರಿಗೆ 10 ಲಕ್ಷ ನ್ಯಾನೋಮೀಟರ್

ವಿಜ್ಞಾನ ಓದಬೇಕೆನ್ನುವ ಮಕ್ಕಳಿಗೆ ಈ ಕ್ಷೇತ್ರದ ಬಾಗಿಲು ಭೌತಶಾಸ್ತ್ರ. ಬೆಳಕಿನ ಅಲೆ, ವಕ್ರೀಭವನ ಎಂಬ ಪಾಠಗಳು ಪರೀಕ್ಷೆಗೆ ಮಾತ್ರ ಎಂದುಕೊಳ್ಳಬೇಕಿಲ್ಲ. ವಜ್ರದ ಮೇಲೆ ಸಾಲು ಎಷ್ಟು ಅಂತರಕ್ಕೆ ಏಳುತ್ತದೆ ಎಂಬುದನ್ನು ಹೇಳುವುದು ಅದೇ ಪಾಠ. ಮನೆಯಲ್ಲಿ ಹಳೆಯ ರುಬ್ಬುವ ಕಲ್ಲು ಇದ್ದರೆ, ಅದರ ಮೈಮೇಲಿನ ಕಚ್ಚುಗಳನ್ನು ಕೈಯಾಡಿಸಿ ತೋರಿಸಿಯೂ ಮಕ್ಕಳಿಗೆ ಇದನ್ನು ವಿವರಿಸಬಹುದು.